ಎರಡು ದಿನದ ಸೋಲಾಪುರ: ಮೊದಲ ಮಾತು ಕನ್ನಡದಲ್ಲಿರಲಿ

ದೀಪಾವಳಿ ಸೂಟಿ ಹತ್ತಿರ ಬಂತೆಂದರೆ ನಮ್ಮ ಪಾಲಕರು ಕೇಳುವ ಪ್ರಶ್ನೆ ಒಂದೇ. "ಸರ, ಹುಡುಗರನ್ನ ಎಲ್ಲಿಗಾದರೂ ತಿರುಗಾಡಿಸಿಕೊಂಡು ಬರಬೇಕು ಅಂತೀವಿ, ಎಲ್ಲಿಗೆ ಹೋಗೋಣು?" ಕೇಳುವವರ ಕೈಯಲ್ಲಿ ಮೊಬೈಲ್ ಇರುತ್ತದೆ. ಅದರಲ್ಲಿ ಯಾರೋ ಬ್ಯಾಂಕಾಕಿನ ರಸ್ತೆಬದಿ ನಿಂತು ತಿನ್ನುತ್ತಿರುತ್ತಾರೆ, ಇನ್ಯಾರೋ ಗೋವಾದ ನೈಟ್‌ಲೈಫ್ ತೋರಿಸುತ್ತಿರುತ್ತಾರೆ, ಮತ್ತೊಬ್ಬರು ದುಬೈಯಲ್ಲಿ ಶಾಪಿಂಗ್ ಮಾಡುತ್ತಿರುತ್ತಾರೆ. ಎರಡು ರಾತ್ರಿ, ಮೂರು ದಿನ, ಇಷ್ಟು ಸಾವಿರ ರೂಪಾಯಿ ಅಂತ ಕೆಳಗೆ ಲೆಕ್ಕ ಬೇರೆ.

ಈ ಸಲ ಕೇಳಿದವರಿಗೆ ನಾವು ಸೋಲಾಪುರ ಅಂದೆವು. ಅವರು ನಕ್ಕುಬಿಟ್ಟರು. "ಸೋಲಾಪುರಕ್ಕ ದವಾಖಾನಿಗೆ ಹೋಗ್ತೀವಿ, ಕೋರ್ಟಿಗೆ ಹೋಗ್ತೀವಿ, ಮದುವಿ ಬಸ್ತಾ ಕಟ್ಟಸಾಕ ಹೋಗ್ತೀವಿ. ತಿರುಗಾಡಾಕ ಯಾರು ಹೋಗ್ತಾರ್ರಿ?"

ಮಾತು ಖರೆ. ಅಕ್ಕಲಕೋಟೆಯಿಂದ ನಲವತ್ತು ಕಿಲೋಮೀಟರ್ ಆಸುಪಾಸಿನ ಊರು ನಮಗೆ ಕೆಲಸದ ಊರಾಗಿ ಉಳಿದಿದೆ. ಬೆಳಿಗ್ಗೆ ಎಸ್‌ಟಿ ಬಸ್ಸಿನಲ್ಲಿ ಹೋಗಿ, ಕೆಲಸ ಮುಗಿಸಿ, ಸಂಜೆ ಬಸ್ಸಿಗೆ ಓಡಿ ಬರುವುದು. ಆ ಕಡೆ ಕರ್ನಾಟಕದಿಂದ ಬರುವವರದ್ದೂ ಇದೇ ಕಥೆ. ಗಾಣಗಾಪುರ, ಅಕ್ಕಲಕೋಟೆ, ತುಳಜಾಪುರ, ಪಂಢರಪುರ ಅಂತ ಗಾಡಿ ಬಿಟ್ಟುಕೊಂಡು ಹೋಗುತ್ತಾರೆ. ನಡುವೆ ಸೋಲಾಪುರದಲ್ಲಿ ಚಹಾ ಕುಡಿದು ಮುಂದೆ ಸಾಗುತ್ತಾರೆ.

ನಾವು ಹೇಳುವುದು ಇಷ್ಟೇ: ಒಂದು ರಾತ್ರಿ ಅಲ್ಲೇ ಉಳಿಯಿರಿ. ತಿನ್ನಿರಿ, ಸುತ್ತಾಡಿರಿ, ಕೊಳ್ಳಿರಿ. ಆದರೆ ಎಲ್ಲ ಅಂಗಡಿಯಲ್ಲೂ ಮೊದಲ ಮಾತನ್ನು ಕನ್ನಡದಲ್ಲಿ ಆಡಿರಿ. ಮಕ್ಕಳ ಎದುರಿಗೇ ಆಡಿರಿ.

ಯಾಕೆ ಅಂತ ಹೇಳಬೇಕಾದರೆ ನಮ್ಮದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನಾವು ಇಬ್ಬರು ಶಿಕ್ಷಕರು ಶಾಲೆಯ ಕಾರ್ಯಕ್ರಮಕ್ಕೆ ಶಾಲು, ಟವೆಲ್ ತರಲು ಸೋಲಾಪುರಕ್ಕೆ ಹೋಗಿದ್ದೆವು. ಜೊತೆಗೆ ಏಳನೇ ತರಗತಿಯ ಒಬ್ಬ ಹುಡುಗ ಇದ್ದ. ಅಂಗಡಿ ಮೆಟ್ಟಿಲು ಹತ್ತಿದ್ದೇ ತಡ, ನಮ್ಮ ಬಾಯಿಂದ ತಾನಾಗಿ ಮರಾಠಿ ಬಂತು. ಅದೂ ಅರೆಬರೆ, ನಡುವೆ ಹಿಂದಿ. ಕಾಲು ಗಂಟೆ ಚೌಕಾಸಿ ಮಾಡಿದೆವು. ಆಮೇಲೆ ಅಂಗಡಿಯವರು ಒಳಗಿನ ಹುಡುಗನಿಗೆ ಕೂಗಿ ಹೇಳಿದರು: "ಏ, ಮ್ಯಾಲಿನ ಗಂಟು ತಗೊಂಡು ಬಾರೋ." ಅಚ್ಚ ಕನ್ನಡ! ಅವರೂ ನಕ್ಕರು, ನಾವೂ ನಕ್ಕೆವು. ನಮ್ಮ ಹುಡುಗ ಮಾತ್ರ ನಗಲಿಲ್ಲ. ಬಸ್ಸಿನಲ್ಲಿ ಕೇಳಿದ: "ಸರ, ಸಾಲ್ಯಾಗ ಕನ್ನಡ ಮಾತಾಡ್ರಿ ಅಂತೀರಿ, ನೀವ್ಯಾಕ ಮಾತಾಡಲಿಲ್ಲ?"

ಉತ್ತರ ಹೊಳೆಯಲಿಲ್ಲ. ಜೂನ್ ತಿಂಗಳಲ್ಲಿ ಒಂದನೇ ತರಗತಿಗೆ ಹೆಸರು ಹಚ್ಚಲು ಮನೆಮನೆಗೆ ಹೋದಾಗ ತಾಯಂದಿರು ಕೇಳುತ್ತಾರಲ್ಲ, "ಕನ್ನಡ ಕಲ್ತು ನಾಳೆ ಸೋಲಾಪುರದಾಗ ಏನ್ ಮಾಡ್ತಾನ್ರಿ?" ಅಂತ, ಆ ಪ್ರಶ್ನೆಗೆ ನಾವೇ ಆ ಅಂಗಡಿಯಲ್ಲಿ "ಏನೂ ಮಾಡಲಿಕ್ಕಾಗದು" ಎಂದು ಉತ್ತರ ಕೊಟ್ಟಂತಾಗಿತ್ತು. ಪಾಠದಲ್ಲಿ ಹೇಳಿದ್ದಕ್ಕಿಂತ ಪೇಟೆಯಲ್ಲಿ ಕಂಡದ್ದನ್ನು ಮಕ್ಕಳು ಬೇಗ ನಂಬುತ್ತಾರೆ.

ಅದಕ್ಕೇ ಈ ಎರಡು ದಿನದ ಪ್ಲ್ಯಾನು. ಒಮ್ಮೆ ಓದಿ ನೋಡಿ.

ಶನಿವಾರ ಬೆಳಿಗ್ಗೆ ಅಕ್ಕಲಕೋಟೆಯಿಂದ ಶುರು ಮಾಡಿರಿ. ಗುರುವಾರ ಸ್ವಾಮಿ ಸಮರ್ಥರ ದಿನ, ಗದ್ದಲ ಬಹಳ; ಮಕ್ಕಳಿದ್ದರೆ ಆ ದಿನ ಬೇಡ. 1878ರಲ್ಲಿ ಸಮಾಧಿಸ್ಥರಾದ ಸ್ವಾಮಿಗಳ ವಟವೃಕ್ಷ ಮಂದಿರ ನೋಡಿಕೊಂಡು, ಅನ್ನಛತ್ರದಲ್ಲಿ ಪ್ರಸಾದ ತೆಗೆದುಕೊಳ್ಳಿರಿ. ಪಂಕ್ತಿಯಲ್ಲಿ ಪುಣೆ-ಮುಂಬಯಿಯವರ ಮರಾಠಿ, ಕಲಬುರಗಿಯವರ ಕನ್ನಡ ಎರಡೂ ಕಿವಿಗೆ ಬೀಳುತ್ತವೆ. ಸಂಸ್ಥಾನದ ಭೋಸಲೆ ಮನೆತನದ ಹೊಸ ಅರಮನೆಯಲ್ಲಿ ಹಳೆಯ ಶಸ್ತ್ರಗಳ ಸಂಗ್ರಹವಿದೆ. ತೆರೆದಿರುವ ವೇಳೆ ಮೊದಲೇ ಕೇಳಿಕೊಂಡರೆ ಒಳ್ಳೆಯದು. ಹುಡುಗರಿಗೆ ದೇವಸ್ಥಾನಕ್ಕಿಂತ ಇದು ಹೆಚ್ಚು ನೆನಪಿರುತ್ತದೆ, ನೋಡಿ ಬೇಕಾದರೆ!

ಮಧ್ಯಾಹ್ನ ಬಸ್ಸು ಹಿಡಿಯಿರಿ. ಅಕ್ಕಲಕೋಟ ರೋಡ್ ರೈಲು ನಿಲ್ದಾಣ ಊರೊಳಗಿಲ್ಲ, ಹಾಗಾಗಿ ಅಕ್ಕಲಕೋಟೆಯಿಂದ ಬಸ್ಸೇ ಅನುಕೂಲ. ದುಧನಿ ಕಡೆಯವರಿಗೆ ರೈಲು ಹತ್ತಿರ.

ಸಂಜೆ ಸೋಲಾಪುರದಲ್ಲಿ ನಾಲ್ಕು ಹುತಾತ್ಮರ ಪುತ್ಥಳಿಗಳಿರುವ ಚೌಕಕ್ಕೆ ಹೋಗಿರಿ. 1930ರಲ್ಲಿ ಬ್ರಿಟಿಷರು ಈ ಊರಿಗೆ ಮಾರ್ಷಲ್ ಲಾ ಹಾಕಿದ್ದರು. ಆ ಪ್ರಕರಣದಲ್ಲಿ ನಾಲ್ವರನ್ನು 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಶನ್ ಸಾರಡಾ. ಮಕ್ಕಳಿಗೆ ಈ ನಾಲ್ಕು ಹೆಸರನ್ನು ಗಟ್ಟಿಯಾಗಿ ಓದಿಸಿರಿ. ಹೆಸರು ಕೇಳಿದರೇ ಗೊತ್ತಾಗುತ್ತದೆ, ಈ ಊರು ಯಾವೊತ್ತೂ ಒಂದೇ ಭಾಷೆಯ, ಒಂದೇ ಮತದ ಊರಾಗಿರಲಿಲ್ಲ. ಗಿರಣಿಗಳಿಗೆ ದುಡಿಯಲು ಬಂದವರಲ್ಲಿ ತೆಲುಗಿನ ಪದ್ಮಶಾಲಿಗಳಿದ್ದರು, ಉರ್ದುವಿನವರಿದ್ದರು, ನಮ್ಮ ಹಳ್ಳಿಗಳ ಕನ್ನಡಿಗರಿದ್ದರು.

ಅಲ್ಲಿಂದ ಪಾರ್ಕ್ ಚೌಪಾಟಿ ಹತ್ತಿರ. ಇದೇ ನಮ್ಮ ಸ್ಟ್ರೀಟ್ ಫುಡ್. ಭೇಳ, ಪಾವ್‌ಭಾಜಿ, ವಡಾಪಾವ್, ಭಜಿ. ಬೆಳಿಗ್ಗೆಯಾದರೆ ಈ ಕಡೆ ಸುಶೀಲಾ ಸಿಗುತ್ತದೆ. ಮಕ್ಕಳು ಹೊಸ ತಿಂಡಿ ಅಂದುಕೊಂಡಾರು. ಪ್ಲೇಟು ಬಂದ ಮೇಲೆ ನೋಡಿದರೆ ನಮ್ಮ ಮನೆಯ ಸುಸಲಾ! ಚುರಮುರಿ ನೆನೆಸಿ ಒಗ್ಗರಣೆ ಹಾಕಿದ್ದು. ನಾವು ಸೀತೆನಿ ಅನ್ನುವುದು ಅವರ ಬಾಯಲ್ಲಿ ಹುರಡಾ. ಇಂಥ ಜೋಡಿ ಶಬ್ದಗಳನ್ನು ಹುಡುಗರು ಪಟ್ಟಿ ಮಾಡಲಿ. ಒಂದು ಪಾಠಕ್ಕಿಂತ ಹೆಚ್ಚು ಭಾಷಾಜ್ಞಾನ ಆ ಒಂದು ಸಂಜೆಯಲ್ಲಿ ಬರುತ್ತದೆ. ನೀರು ಮಾತ್ರ ಮನೆಯದೇ ಒಯ್ಯಿರಿ, ಬಿಸಿಬಿಸಿ ಮಾಡಿಕೊಟ್ಟದ್ದನ್ನೇ ತಿನ್ನಿಸಿರಿ.

ರವಿವಾರ ಬೆಳಿಗ್ಗೆ ಬಿಸಿಲೇರುವ ಮೊದಲು ಸಿದ್ಧೇಶ್ವರ ಗುಡಿಗೆ ಹೋಗಿರಿ. ಕೆರೆಯ ನಡುವೆ ಗುಡಿ, ಪಕ್ಕದಲ್ಲಿ ಕೋಟೆ. ನಮ್ಮ ಪುಸ್ತಕದಲ್ಲಿ ಬರುವ ಸೊನ್ನಲಿಗೆಯ ಸಿದ್ಧರಾಮ ಇವರೇ, ಸೊನ್ನಲಿಗೆ ಅಂದರೆ ಇದೇ ಸೋಲಾಪುರ. ಹನ್ನೆರಡನೆಯ ಶತಮಾನದಲ್ಲಿ ಕಪಿಲಸಿದ್ಧ ಮಲ್ಲಿಕಾರ್ಜುನ ಎಂಬ ಅಂಕಿತದಲ್ಲಿ ವಚನ ಬರೆದವರು, ಕೆರೆ ಕಟ್ಟಿಸಿದವರು. ಬರೆದದ್ದು ಕನ್ನಡದಲ್ಲಿ. ವಚನ ಬಾಯಿಪಾಠ ಮಾಡಿದ ಎಷ್ಟೋ ಮಕ್ಕಳಿಗೆ ಆ ವಚನಕಾರರ ಸಮಾಧಿ ತಮ್ಮೂರಿನಿಂದ ಒಂದು ತಾಸಿನ ದಾರಿಯಲ್ಲಿದೆ ಅನ್ನುವುದು ಗೊತ್ತೇ ಇಲ್ಲ. ಇದು ಯಾರ ತಪ್ಪು? ನಮ್ಮದೇ.

ಇನ್ನು ಖರೀದಿ. ನವೀ ಪೇಠ, ಮಧಲಾ ಮಾರುತಿ, ಕೊಂತಮ್ ಚೌಕ, ಎಲ್ಲ ಕಡೆ ಪೇಟೆಯೇ. ಚಾದರ ಕೊಳ್ಳುವುದಾದರೆ ಬಿಡಿಸಿ ಎರಡೂ ಮಗ್ಗುಲು ನೋಡಿರಿ. ಜಕಾರ್ಡ್ ಮಗ್ಗದ ಸೋಲಾಪುರಿ ಚಾದರದಲ್ಲಿ ಚಿತ್ತಾರ ಎರಡೂ ಬದಿಗೆ ಕಾಣುತ್ತದೆ, ಬಣ್ಣ ಮಾತ್ರ ಅದಲುಬದಲು. ಈ ಚಾದರಕ್ಕೂ ಇಲ್ಲಿನ ಟರ್ಕಿ ಟವೆಲ್ಲಿಗೂ 2005-06ರಲ್ಲೇ ಭೌಗೋಳಿಕ ಗುರುತು, ಅಂದರೆ ಜಿಐ, ಸಿಕ್ಕಿದೆ. ಹಾಗಿದ್ದೂ ಬೇರೆ ಊರಿನ ಮಾಲಿಗೆ ಸೋಲಾಪುರದ ಹೆಸರು ಹಚ್ಚಿ ಮಾರುವುದು ನಿಂತಿಲ್ಲ. ಶಾಲಾ ಸಮವಸ್ತ್ರ ಹೊಲಿಯುವುದಕ್ಕೂ ಸೋಲಾಪುರ ಹೆಸರಾಗಿದೆ.

ತಿನ್ನುವ ಸಾಮಾನಿನಲ್ಲಿ ಶೇಂಗಾ ಹಿಂಡಿ ಮತ್ತು ಕಡಕ್ ರೊಟ್ಟಿ ಬಿಡಬೇಡಿ. ಕುಟ್ಟಿ ಮಾಡಿದ ಹಿಂಡಿ ಬೆರಳಿಗೆ ಎಣ್ಣೆ ಹತ್ತುವಂತಿರುತ್ತದೆ. ರೊಟ್ಟಿಯ ಬಿಳಿಜೋಳದ ಬಗ್ಗೆಯೂ ಒಂದು ಮಾತು: ಮಾಲದಂಡಿಯ ಎಂ 35-1 ತಳಿಯನ್ನು ಆಯ್ದು ತೆಗೆದದ್ದು ಇದೇ ಜಿಲ್ಲೆಯ ಮೋಹೋಳದಲ್ಲಿ. ವಿಜಯಪುರ, ಕಲಬುರಗಿ ಕಡೆಯ ಒಕ್ಕಲಿಗರೂ ಹಿಂಗಾರಿಗೆ ಅದನ್ನು ಬಿತ್ತುತ್ತಾರೆ. ಗಡಿಯ ಎರಡೂ ಬದಿಯ ಗಂಗಾಳದಲ್ಲಿ ಅದೇ ರೊಟ್ಟಿ.

ನಮ್ಮ ಸಲಹೆ ಏನೆಂದರೆ, ಮಕ್ಕಳ ಕೈಗೆ ತಲಾ ಇನ್ನೂರು ರೂಪಾಯಿ ಕೊಡಿರಿ. ಅವರೇ ಅಂಗಡಿಗೆ ಹೋಗಲಿ. "ಇದಕ್ಕೆಷ್ಟರಿ?" ಅಂತ ಕನ್ನಡದಲ್ಲೇ ಕೇಳಲಿ. ತಿಳಿಯಲಿಲ್ಲ ಅಂದರೆ ಮರಾಠಿಯಲ್ಲಿ ಕೇಳಲಿ. ನಾವು ಹುಡುಗರನ್ನು ಹೀಗೆ ಬಿಟ್ಟು ನೋಡಿದ್ದೇವೆ. ಕೆಲವು ಕಡೆ "ಕಾಯ್ ಪಾಹಿಜೆ?" ಅಂತ ಮರುಪ್ರಶ್ನೆ ಬಂತು. ಕೆಲವು ಕಡೆ ಮುದುಕರೊಬ್ಬರು ಕುರ್ಚಿಯಿಂದ ಎದ್ದು ಬಂದು "ಯಾವೂರ ತಮ್ಮಾ?" ಅಂದರು. ಎರಡಕ್ಕೂ ಹುಡುಗರು ಉತ್ತರ ಕೊಟ್ಟರು. ಎರಡೂ ಭಾಷೆ ಬರುವವನಿಗೆ ಎರಡೂ ಅಂಗಡಿ ತೆರೆದಿರುತ್ತವೆ.

ರಾತ್ರಿಯ ಮಾತು ಬಾಕಿ ಉಳಿಯಿತು. ಡಿಸ್ಕೋ, ಪಬ್ಬು ಹುಡುಕಿಕೊಂಡು ನಮ್ಮ ಪಾಲಕರು ಯಾರೂ ಹೋಗುವುದಿಲ್ಲ ಬಿಡಿ. ಆದರೆ ಸೋಲಾಪುರದ ರಾತ್ರಿ ನೋಡಬೇಕಾದರೆ ಸಂಕ್ರಾಂತಿಯ ಹೊತ್ತಿಗೆ, ಸಿದ್ಧೇಶ್ವರ ಜಾತ್ರೆಗೆ ಹೋಗಿರಿ. ಗಡ್ಡಾ ಯಾತ್ರೆ ಅನ್ನುತ್ತಾರಲ್ಲ, ಅದೇ. ಎತ್ತರದ ನಂದಿಧ್ವಜಗಳ ಮೆರವಣಿಗೆ, ಅರವತ್ತೆಂಟು ಲಿಂಗಗಳಿಗೆ ಎಣ್ಣೆಯ ಅಭಿಷೇಕ, ಸಿದ್ಧರಾಮರ ಯೋಗದಂಡದ ಜೊತೆ ಕುಂಬಾರ ಕನ್ಯೆಯ ಸಾಂಕೇತಿಕ ಮದುವೆಯ ಅಕ್ಷತೆ, ಹೋಮ, ಆಮೇಲೆ ಮದ್ದು ಸುಡುವ ಸಂಭ್ರಮ. ಹೋಮ್ ಮೈದಾನದ ಅಂಗಡಿಗಳು, ತಿರುಗುವ ತೊಟ್ಟಿಲು ಮಕ್ಕಳನ್ನು ರಾತ್ರಿ ಬೇಗ ಮಲಗಗೊಡುವುದಿಲ್ಲ. ಒಂದು ವಿಷಯ ಗಮನಿಸಿರಿ. ಆ ಎಣ್ಣೆಯ ಅಭಿಷೇಕಕ್ಕೆ ಮರಾಠಿ ಪತ್ರಿಕೆಗಳೂ "ಯಣ್ಣೀಮಜ್ಜನ" ಅಂತಲೇ ಬರೆಯುತ್ತವೆ. ಅದು ನಮ್ಮ ಎಣ್ಣೆಮಜ್ಜನ! ಊರಿಗೆ ಊರೇ, ಮರಾಠಿ ತೆಲುಗು ಎನ್ನದೆ, ವರ್ಷಕ್ಕೊಮ್ಮೆ ಒಂದು ಕನ್ನಡ ಶಬ್ದ ಹೇಳುತ್ತದೆ. ಯಾರೂ ಅದಕ್ಕೆ ಜಗಳ ತೆಗೆದದ್ದಿಲ್ಲ.

ಜಗಳದ ಮಾತು ಬಂದದ್ದರಿಂದ ಹೇಳಿಬಿಡುತ್ತೇವೆ. "ಸರ, ಸುಮ್ಮನ ಯಾಕ ಭಾಷಾದ್ದು ಕೆದಕ್ತೀರಿ? ನಾವಿರೋದು ಮಹಾರಾಷ್ಟ್ರದಾಗ" ಅನ್ನುವವರಿದ್ದಾರೆ. ಅವರ ಹೆದರಿಕೆ ನಮಗೆ ತಿಳಿಯುತ್ತದೆ. ಮಹಾಜನ ಆಯೋಗ 1967ರಲ್ಲಿ ಅಕ್ಕಲಕೋಟೆ ತಾಲೂಕು ಕರ್ನಾಟಕಕ್ಕೆ ಸೇರಲಿ ಅಂತ ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. ಗಡಿಗೆರೆಯ ವಾದ ದೊಡ್ಡವರ ಪಾಲಿಗಿರಲಿ. ನಾವು ಹೇಳುತ್ತಿರುವುದು ಅಂಗಡಿಯ ಮಾತು. ಮರಾಠಿ ಬೇಡ ಅಂತ ನಾವು ಎಂದೂ ಅಂದಿಲ್ಲ. 2020ರ ಕಾಯಿದೆ ಬರುವುದಕ್ಕಿಂತ ಎಷ್ಟೋ ಮೊದಲೇ ನಮ್ಮ ಮಕ್ಕಳು ಮರಾಠಿ ಕಲಿಯುತ್ತಿದ್ದರು, ಇನ್ನೂ ಚೆನ್ನಾಗಿ ಕಲಿಯಲಿ. ಇದೇ ಮಹಾರಾಷ್ಟ್ರ ಸರಕಾರದ ಬಾಲಭಾರತಿ ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚು ಹಾಕಿ ಕೊಡುತ್ತದೆ. ಸರಕಾರ ಪುಸ್ತಕ ಕೊಡಬಹುದು. ಆ ಪುಸ್ತಕದ ಭಾಷೆಯಲ್ಲಿ ಉಪ್ಪು ಕೊಳ್ಳುವ ಧೈರ್ಯವನ್ನು ಮನೆಯವರೇ ಕೊಡಬೇಕು.

ಸೋಲಾಪುರ ಕನ್ನಡಕ್ಕೆ ಹೊರಗಿನ ಊರೂ ಅಲ್ಲ. 1950ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಇಲ್ಲೇ ನಡೆಯಿತು, ಎಂ. ಆರ್. ಶ್ರೀನಿವಾಸಮೂರ್ತಿಯವರು ಅಧ್ಯಕ್ಷರು. ಈ ಊರಿನಲ್ಲೇ 1912ರಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆಯವರು ಸಿದ್ಧರಾಮೇಶ್ವರರ ಮೇಲೆ ಕನ್ನಡದಲ್ಲಿ ಪುರಾಣ ಬರೆದರು, ಮರಾಠಿಯಲ್ಲೂ ಬರೆದರು. 1974ರಲ್ಲಿ ಮಂಡ್ಯದ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಗೌರವ ಪಡೆದ ಮೊದಲ ಮಹಿಳೆ ನಮ್ಮ ಸೋಲಾಪುರದವರು! ಅವರಿಗೆ ಎರಡು ಭಾಷೆ ಒಂದಕ್ಕೊಂದು ಅಡ್ಡ ಬರಲಿಲ್ಲ. ನಮ್ಮ ಮಕ್ಕಳಿಗೆ ಯಾಕೆ ಬರಬೇಕು?

ಕರ್ನಾಟಕದ ಕಡೆಯಿಂದ ಬರುವವರಿಗೂ ಇದೇ ವಿನಂತಿ. ನೀವು ಬಂದು ಹಿಂದಿಯಲ್ಲಿ ಶುರು ಮಾಡಿದರೆ ಅಂಗಡಿಯವರು ಕನ್ನಡಕ್ಕೆ ಗಿರಾಕಿ ಇಲ್ಲ ಅಂದುಕೊಳ್ಳುತ್ತಾರೆ. ದಿನಕ್ಕೆ ಹತ್ತು ಜನ ಕನ್ನಡದಲ್ಲಿ ಕೇಳಿದರೆ ಹನ್ನೊಂದನೆಯವರಿಗೆ ಅವರೇ "ಬರ್ರಿ, ಕೂಡ್ರಿ" ಅನ್ನುತ್ತಾರೆ. ವ್ಯಾಪಾರಿಗೆ ಭಾಷೆಯ ಹಟ ಇರುವುದಿಲ್ಲ, ಗಿರಾಕಿಯ ಹಟ ಇರುತ್ತದೆ.

ಸೂಟಿ ಮುಗಿಸಿ ಬಂದ ಮೇಲೆ ಮಕ್ಕಳಿಗೆ ನಾವು ಕೊಡುವ ಹೋಮ್‌ವರ್ಕ್ ಒಂದೇ ಪುಟ: ಏನು ತಿಂದಿರಿ, ಏನು ಕೊಂಡಿರಿ, ಎಷ್ಟು ಉಳಿಯಿತು, ಎಷ್ಟು ಅಂಗಡಿಯಲ್ಲಿ ಕನ್ನಡಕ್ಕೆ ಕನ್ನಡದಲ್ಲೇ ಉತ್ತರ ಬಂತು. ಕಳೆದ ಸಲ ಒಬ್ಬಳು ಹುಡುಗಿ ಕೊನೆಗೆ ಹೀಗೆ ಬರೆದಿದ್ದಳು: "ಒಂಬತ್ತು ಅಂಗಡಿ ಕೇಳಿದೆ. ನಾಲ್ಕರಲ್ಲಿ ಬಂತು. ಅವ್ವ ಐದನೇದ್ದರಲ್ಲಿ ತಾನೇ ಕೇಳಿದಳು." ಆ ತಾಯಿ ಹೆಸರು ಹಚ್ಚುವಾಗ ನಮ್ಮನ್ನು "ಕನ್ನಡ ಕಲ್ತು ಏನ್ ಮಾಡ್ತಾಳ್ರಿ" ಅಂತ ಕೇಳಿದವರೇ.

ನೀವೂ ಹೋಗಿ ಬನ್ನಿ. ಎಷ್ಟು ಅಂಗಡಿಯಲ್ಲಿ ಉತ್ತರ ಬಂತು, ನಮಗೂ ತಿಳಿಸಿರಿ.