ಕೇಳಿದ್ದು ಕನ್ನಡದಲ್ಲಿ, ಉತ್ತರ ಯಾವ ಭಾಷೆಯಲ್ಲಿ?

ಗುಬ್ಬಿ ತಾಲ್ಲೂಕಿನ ಜನರ ಎರಡು ದೊಡ್ಡ ಪ್ರಶ್ನೆಗಳಿಗೆ ಎರಡು ಊರುಗಳಲ್ಲಿ ಉತ್ತರ ಸಿಗಬೇಕು. ಹೇಮಾವತಿ ನೀರಿನ ಪ್ರಶ್ನೆಗೆ ಬೆಂಗಳೂರಿನ ವಿಧಾನಸೌಧದಲ್ಲಿ. ಬಿದರೆಹಳ್ಳ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆಯ ಪ್ರಶ್ನೆಗೆ ದಿಲ್ಲಿಯ ಸಂಸತ್ತಿನಲ್ಲಿ. ಮೊದಲನೆಯದಕ್ಕೆ ಸಚಿವರ ಉತ್ತರ ಕನ್ನಡದಲ್ಲಿ ಬರುತ್ತದೆ. ಎರಡನೆಯದಕ್ಕೆ ಹಿಂದಿಯಲ್ಲಿ, ಇಲ್ಲವೇ ಇಂಗ್ಲಿಷ್‌ನಲ್ಲಿ. ನೀರು ಕೇಳುವವನು ಅಪ್ಪ, ಕೆಲಸ ಕೇಳುವವನು ಮಗ. ಒಂದೇ ಮನೆ, ಒಂದೇ ಭಾಷೆ. ಅಪ್ಪನಿಗೆ ತಿಳಿಯುವ ಭಾಷೆಯಲ್ಲಿ ಉತ್ತರ ಕೊಡುವ ಪ್ರಜಾಪ್ರಭುತ್ವ ಮಗನಿಗೆ ಮಾತ್ರ ಬೇರೆ ಭಾಷೆಯಲ್ಲಿ ಉತ್ತರ ಕೊಡುವುದು ಯಾವ ನ್ಯಾಯ?

ಸದನದ ಸುದ್ದಿ ಎಂದರೆ ನಮ್ಮ ಹುಡುಗರಿಗೆ ಗದ್ದಲ, ಸಭಾತ್ಯಾಗ, ಬಾವಿಗಿಳಿದು ಧರಣಿ ಇಷ್ಟೇ ಗೊತ್ತು. ಟಿ.ವಿ.ಯವರು ತೋರಿಸುವುದೂ ಅಷ್ಟೇ. ಆದರೆ ಸದನದ ನಿಜವಾದ ಕೆಲಸ ಗದ್ದಲ ಶುರುವಾಗುವುದಕ್ಕೆ ಮುಂಚೆ ನಡೆಯುತ್ತದೆ. ಲೋಕಸಭೆ ಸೇರಿದ ದಿನ ಬೆಳಿಗ್ಗೆ 11 ಗಂಟೆಗೆ ಪ್ರಶ್ನೋತ್ತರ ವೇಳೆ. ಒಂದು ದಿನಕ್ಕೆ ಚುಕ್ಕೆ ಗುರುತಿನ 20 ಪ್ರಶ್ನೆ, ಚುಕ್ಕೆ ಗುರುತಿಲ್ಲದ 230 ಪ್ರಶ್ನೆ. ಚುಕ್ಕೆ ಇದ್ದದ್ದಕ್ಕೆ ಸಚಿವರು ಎದ್ದು ನಿಂತು ಬಾಯಲ್ಲೇ ಉತ್ತರ ಕೊಡಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ. ಕನಿಷ್ಠ 15 ದಿನ ಮೊದಲೇ ಪ್ರಶ್ನೆ ಕಳಿಸಿರಬೇಕು. ದಿಲ್ಲಿಯ ದೊಡ್ಡ ದೊಡ್ಡ ಅಧಿಕಾರಿಗಳು ಕಡತ ತೆಗೆದು ಧೂಳು ಕೊಡವಿ ಅಂಕಿ-ಅಂಶ ಹುಡುಕುವುದು ಆಗಲೇ. ಓಟು ಹಾಕಿದ ಸಾಮಾನ್ಯ ಮನುಷ್ಯನ ಪರವಾಗಿ ಒಬ್ಬ ಸದಸ್ಯ ಇಡೀ ಸರ್ಕಾರವನ್ನು ಕಟಕಟೆಯಲ್ಲಿ ನಿಲ್ಲಿಸುವ ಹೊತ್ತು ಅದು. ಆ ಹೊತ್ತಿನಲ್ಲಿ ಕನ್ನಡಕ್ಕೆ ಜಾಗ ಎಲ್ಲಿದೆ?

ಅನುಮತಿ ಕೊಟ್ಟರೆ ಮಾತ್ರ ತಾಯ್ನುಡಿ!

ಸಂವಿಧಾನದ 120ನೇ ವಿಧಿ ಓದಿ ನೋಡಿ. ಸಂಸತ್ತಿನ ಕಲಾಪ ಹಿಂದಿ ಅಥವಾ ಇಂಗ್ಲಿಷ್‌ನಲ್ಲಿ ನಡೆಯಬೇಕು. ಈ ಎರಡರಲ್ಲೂ ತನ್ನ ಮಾತನ್ನು ಸರಿಯಾಗಿ ಹೇಳಲಾರದ ಸದಸ್ಯನಿಗೆ ಸಭಾಧ್ಯಕ್ಷರು ಅನುಮತಿ ಕೊಟ್ಟರೆ ಆತ ತಾಯ್ನುಡಿಯಲ್ಲಿ ಮಾತಾಡಬಹುದು. ಗಮನಿಸಿದಿರಾ ಗೆಳೆಯರೇ? ಕನ್ನಡ ಬರುತ್ತದೆ ಎಂಬುದಕ್ಕಾಗಿ ಕನ್ನಡ ಮಾತಾಡುವ ಹಕ್ಕಲ್ಲ ಇದು. ಹಿಂದಿಯೂ ಬಾರದು, ಇಂಗ್ಲಿಷೂ ಬಾರದು ಎಂಬ ಕೊರತೆಗೆ ಕೊಟ್ಟ ರಿಯಾಯಿತಿ! ಹಿಂದಿ ನಾಡಿನ ಸದಸ್ಯ ಅನುಮತಿ ಕೇಳದೆ ತಾಯ್ನುಡಿಯಲ್ಲಿ ಗುಡುಗಬಹುದು. 2011ರ ಜನಗಣತಿಯ ಪ್ರಕಾರ 4.37 ಕೋಟಿ ಜನರ ತಾಯ್ನುಡಿಯಾದ ಕನ್ನಡದ ಸದಸ್ಯ ಮಾತ್ರ ಕಾನೂನಿನ ಅಕ್ಷರದಲ್ಲಿ ಇವತ್ತಿಗೂ ಅನುಮತಿಯ ಋಣದಲ್ಲಿದ್ದಾನೆ.

ಈ ಗೋಡೆಗೆ ಮೊದಲ ಏಟು ಕೊಟ್ಟವರು ಜೆ.ಎಚ್. ಪಟೇಲರು. 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಹೋದ ಆ ಸಮಾಜವಾದಿ ಲೋಕಸಭೆಯಲ್ಲಿ ಎದ್ದು ನಿಂತು ಕನ್ನಡದಲ್ಲೇ ಮಾತಾಡಿದರು. ಲೋಕಸಭೆಯಲ್ಲಿ ಮೊಳಗಿದ ಮೊದಲ ಕನ್ನಡ ಭಾಷಣ ಅದು. ಪಟೇಲರಿಗೆ ಇಂಗ್ಲಿಷ್ ಬರುತ್ತಿರಲಿಲ್ಲವೇ? ಚೆನ್ನಾಗಿಯೇ ಬರುತ್ತಿತ್ತು. ಬರುತ್ತಿದ್ದರೂ ಕನ್ನಡ ಆಡಿದರು ಎಂಬುದರಲ್ಲೇ ಅದರ ತೂಕವಿದೆ.

ಈಗ ಮಾತು ತಿರುಗಿಸುವ ವ್ಯವಸ್ಥೆ ಬಂದಿದೆ. ರಾಜ್ಯಸಭೆಯಲ್ಲಿ 2018ರಿಂದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಿ ಮಾತಾಡಿದರೂ ಆ ಕ್ಷಣವೇ ಅನುವಾದವಾಗುವ ಸೌಲಭ್ಯವಿದೆ. ಲೋಕಸಭೆಯಲ್ಲಿ 2025ರ ಫೆಬ್ರವರಿಯಲ್ಲಿ ಇನ್ನೂ ಆರು ಭಾಷೆಗಳಿಗೆ ಈ ಸೌಲಭ್ಯ ಕೊಟ್ಟಾಗ ಕನ್ನಡ ಅದಾಗಲೇ ಪಟ್ಟಿಯಲ್ಲಿತ್ತು. ಅಂದರೆ ಕಿವಿಗೆ ಹಾಕುವ ಯಂತ್ರವಿದೆ, ಅನುವಾದಕರಿದ್ದಾರೆ. ಆಡುವ ಬಾಯಿ ಬೇಕು! ನಮ್ಮ ರಾಜ್ಯದಿಂದ ಲೋಕಸಭೆಗೆ ಹೋಗಿರುವವರು 28 ಜನ. ಅವರಲ್ಲಿ ಎಷ್ಟು ಜನ ವರ್ಷಕ್ಕೊಮ್ಮೆಯಾದರೂ ಕನ್ನಡದಲ್ಲಿ ಬಾಯಿ ಬಿಡುತ್ತಾರೆ ಎಂದು ಅವರವರ ಕ್ಷೇತ್ರದ ಹುಡುಗರೇ ಲೆಕ್ಕ ಇಡಲಿ.

ಕನ್ನಡದ ಒಂದು ಪ್ರಶ್ನೆ ಏನು ಮಾಡಿತು

ಕನ್ನಡದಲ್ಲಿ ಕೇಳಿದರೆ ಹೊಟ್ಟೆ ತುಂಬುತ್ತದೆಯೇ ಎಂದು ಕೇಳುವ ಬುದ್ಧಿವಂತರಿದ್ದಾರೆ. ಅವರಿಗೆ 2019ರ ಕಥೆ ಹೇಳಬೇಕು. ಗ್ರಾಮೀಣ ಬ್ಯಾಂಕಿನ ನೇಮಕಾತಿ ಪರೀಕ್ಷೆ ಆಗ ಹಿಂದಿ, ಇಂಗ್ಲಿಷ್‌ನಲ್ಲಿ ಮಾತ್ರ ಇತ್ತು. ಹಳ್ಳಿಯ ರೈತನಿಗೆ ಸಾಲ ಕೊಡುವ ಬ್ಯಾಂಕು, ಆ ಬ್ಯಾಂಕಿನ ಗುಮಾಸ್ತನಾಗಲು ಆ ರೈತನ ಮಗನಿಗೆ ಅವನ ಭಾಷೆಯಲ್ಲಿ ಪರೀಕ್ಷೆ ಇಲ್ಲ! ಆ ವರ್ಷ ಜೂನ್ ಕೊನೆಯಲ್ಲಿ ರಾಜ್ಯಸಭೆಯ ಶೂನ್ಯ ವೇಳೆಯಲ್ಲಿ ಕರ್ನಾಟಕದ ಸದಸ್ಯ ಜಿ.ಸಿ. ಚಂದ್ರಶೇಖರ್ ಈ ವಿಷಯ ಎತ್ತಿದರು, ಕನ್ನಡದಲ್ಲೇ. ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋಗಿದ್ದ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಎದ್ದು ನಿಂತು ಕನ್ನಡದಲ್ಲೇ ಉತ್ತರ ಕೊಟ್ಟರು. ಜುಲೈ 4ರಂದು ಲೋಕಸಭೆಯಲ್ಲಿ ಪ್ರಕಟಣೆ ಬಂತು: ಗ್ರಾಮೀಣ ಬ್ಯಾಂಕಿನ ಪರೀಕ್ಷೆ ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಯುತ್ತದೆ.

ಅದರ ಹಿಂದೆ ಬೀದಿಯಲ್ಲಿ ನಿಂತು ಗಂಟಲು ಹರಿದುಕೊಂಡ ಕನ್ನಡ ಸಂಘಟನೆಗಳ ಹೋರಾಟವಿತ್ತು, ಅದನ್ನು ಯಾರೂ ಮರೆಯಬಾರದು. ಆದರೆ ಬೀದಿಯ ಕೂಗು ಸದನದ ಪ್ರಶ್ನೆಯಾದ ಮೇಲೆ ಸಚಿವರು ತಪ್ಪಿಸಿಕೊಳ್ಳಲಾಗಲಿಲ್ಲ. ಬೀದಿಯಲ್ಲಿ ಕೂಗಿದ್ದಕ್ಕೆ ಸರ್ಕಾರ ಉತ್ತರಿಸಲೇಬೇಕೆಂಬ ನಿಯಮವಿಲ್ಲ. ಸದನದಲ್ಲಿ ಕೊಟ್ಟ ಮಾತು ಕಡತಕ್ಕೆ ಸೇರುತ್ತದೆ. 2023ರಲ್ಲಿ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆಯನ್ನೂ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವ ತೀರ್ಮಾನವಾಯಿತು, 2024ರಲ್ಲಿ ಆ ಪರೀಕ್ಷೆ ನಡೆಯಿತು. ಇವೆಲ್ಲ ದಿಲ್ಲಿಯ ಔದಾರ್ಯದಿಂದ ಬಂದದ್ದಲ್ಲ, ಕೇಳಿ ಕೇಳಿ ಪಡೆದದ್ದು.

ಐರ್ಲೆಂಡಿನ ಕನ್ನಡಿ

ಇನ್ನೊಂದು ದೇಶದ ಸದನವನ್ನೂ ನೋಡೋಣ. ಐರ್ಲೆಂಡಿನ ಇಡೀ ಜನಸಂಖ್ಯೆ 2022ರ ಗಣತಿಯಲ್ಲಿ 51 ಲಕ್ಷ. ನಮ್ಮ ತುಮಕೂರು ಜಿಲ್ಲೆಯಂಥ ಎರಡು ಜಿಲ್ಲೆ ಸೇರಿಸಿದರೆ ಒಂದು ಐರ್ಲೆಂಡ್. ಅವರ ಕೆಳಮನೆಗೆ ಡಾಲ್ ಎಂದು ಹೆಸರು, 2024ರ ಚುನಾವಣೆಯಿಂದ ಅದರಲ್ಲಿ 174 ಸದಸ್ಯರು. ಅಲ್ಲಿಯ ಪ್ರಶ್ನೋತ್ತರದ ಒಂದು ದಿನದ ಕಡತ ತೆಗೆದರೆ ಯಾವುದೋ ಊರಿನ ಶಾಲೆಗೆ ಕೊಠಡಿ ಯಾವಾಗ, ಆಸ್ಪತ್ರೆಯಲ್ಲಿ ಸರದಿ ಎಷ್ಟು ದಿನ, ರಸ್ತೆಗೆ ದುಡ್ಡು ಬಂತೇ ಎಂಬ ಪ್ರಶ್ನೆಗಳೇ ರಾಶಿ ರಾಶಿ. ಪ್ರಧಾನಿಯನ್ನು ಅವರು ಟೀಶಕ್ ಎನ್ನುತ್ತಾರೆ. ಅದು ಅವರ ಐರಿಷ್ ಭಾಷೆಯ ಪದ. ಅವರೂ ವಾರ ವಾರ ಎದ್ದು ನಿಂತು ಉತ್ತರಿಸಬೇಕು.

1937ರ ಅವರ ಸಂವಿಧಾನದಲ್ಲಿ ಐರಿಷ್ ಮೊದಲನೆಯ ಅಧಿಕೃತ ಭಾಷೆ, ಇಂಗ್ಲಿಷ್ ಎರಡನೆಯದು. ಸಂವಿಧಾನದ ಎರಡು ಪಠ್ಯಗಳಲ್ಲಿ ಅರ್ಥ ಬೇರೆಯಾದರೆ ಐರಿಷ್ ಪಠ್ಯವೇ ಗೆಲ್ಲುತ್ತದೆ. ಸದನದಲ್ಲಿ ಐರಿಷ್ ಆಡಲು ಯಾರ ಅಪ್ಪಣೆಯೂ ಬೇಡ. 2007ರಿಂದ ಯುರೋಪಿಯನ್ ಒಕ್ಕೂಟದಲ್ಲೂ ಅದು ಅಧಿಕೃತ ಭಾಷೆ. ಶಾಲೆಯ ಹೊರಗೆ ಪ್ರತಿದಿನ ಐರಿಷ್ ಆಡುವವರು ಎಷ್ಟು ಜನ ಗೊತ್ತೇ? ಅದೇ 2022ರ ಗಣತಿಯಂತೆ ಸುಮಾರು 72 ಸಾವಿರ. 72 ಸಾವಿರ ಜನರ ದಿನನಿತ್ಯದ ಭಾಷೆಗೆ ಯುರೋಪು ಕುರ್ಚಿ ಹಾಕಿ ಕೂರಿಸಿದೆ, 4.37 ಕೋಟಿ ಜನರ ಭಾಷೆಯನ್ನು ದಿಲ್ಲಿ ಬಾಗಿಲಲ್ಲಿ ನಿಲ್ಲಿಸಿದೆ.

ಆದರೆ ಈ ಕನ್ನಡಿಯಲ್ಲಿ ಇನ್ನೊಂದು ಮುಖವೂ ಕಾಣುತ್ತದೆ. 1919ರ ಜನವರಿ 21ರಂದು ಡಬ್ಲಿನ್‌ನಲ್ಲಿ ಮೊದಲ ಡಾಲ್ ಸೇರಿದಾಗ ಕಲಾಪವೆಲ್ಲ ಹೆಚ್ಚುಕಡಿಮೆ ಐರಿಷ್‌ನಲ್ಲೇ ನಡೆಯಿತು. ಇವತ್ತು ಅದೇ ಸದನದ ಮಾತು ಬಹುಪಾಲು ಇಂಗ್ಲಿಷ್. ಪದವಿಗಳ ಹೆಸರು ಐರಿಷ್, ವಾದ ಇಂಗ್ಲಿಷ್. ಮನೆಯಲ್ಲಿ, ಸಂತೆಯಲ್ಲಿ ಆಡದ ಭಾಷೆಗೆ ಸಂವಿಧಾನ ಎಷ್ಟು ಎತ್ತರದ ಪೀಠ ಕೊಟ್ಟರೂ ಅದು ಖಾಲಿ ಪೀಠ. ಅವರಿಗೆ ಪೀಠವಿದೆ, ಕೂರಲು ಜನ ಕಡಿಮೆ. ನಮಗೆ ಜನವಿದ್ದಾರೆ, ದಿಲ್ಲಿಯಲ್ಲಿ ಪೀಠವಿಲ್ಲ. ಬೆಂಗಳೂರಿನ ಕಾಲೇಜು ಮೆಟ್ಟಿಲಲ್ಲಿ ಗುಬ್ಬಿಯ ಹುಡುಗ ತುಮಕೂರಿನ ಹುಡುಗಿಯ ಜೊತೆ ಇಂಗ್ಲಿಷ್‌ನಲ್ಲಿ ತಡವರಿಸುವುದು ನೋಡಿದರೆ ಪೀಠ ಸಿಗುವಷ್ಟರಲ್ಲಿ ನಾವೂ ಐರ್ಲೆಂಡ್ ಆಗುತ್ತೇವೇನೋ ಎಂಬ ಅಂಜಿಕೆ ಹುಟ್ಟುತ್ತದೆ.

ನಮ್ಮ ಸೌಧದ ಹಾರಿಕೆ ಕನ್ನಡ

ಹಾಗೆಂದು ನಮ್ಮ ವಿಧಾನಸೌಧ ಸ್ವರ್ಗವೇನಲ್ಲ. ನಮ್ಮ ಸದನದ ಬೇರು ಹಳೆಯದು. 1881ರ ಅಕ್ಟೋಬರ್‌ನಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದಾಗ 144 ಪ್ರತಿನಿಧಿಗಳು ಸೇರಿದ್ದರು. ರೈತರು, ವ್ಯಾಪಾರಿಗಳು ತಮ್ಮ ತಾಲ್ಲೂಕಿನ ದೂರು ಹೊತ್ತು ಅರಮನೆಯ ಊರಿಗೆ ಹೋದ ಕಾಲ ಅದು. ಅಷ್ಟು ಹಳೆಯ ಪರಂಪರೆಯ ವಾರಸುದಾರರು ಇವತ್ತು ಕೊಡುವ ಉತ್ತರದ ಧಾಟಿ ನೋಡಿ: 'ಪರಿಶೀಲನೆಯಲ್ಲಿದೆ', 'ಮಾಹಿತಿ ಸಂಗ್ರಹಿಸಲಾಗುತ್ತಿದೆ', 'ಅನುದಾನದ ಲಭ್ಯತೆಗನುಗುಣವಾಗಿ ಕ್ರಮವಹಿಸಲಾಗುವುದು'. ಅಕ್ಷರ ಕನ್ನಡ, ಅರ್ಥ ಸೊನ್ನೆ! ಕನ್ನಡಿಗರ ಮೂಗಿಗೆ ಕನ್ನಡದಲ್ಲೇ ತುಪ್ಪ ಸವರುವ ಕಲೆ ಇದು.

ಹೇಮಾವತಿಯ ವಿಷಯವನ್ನೇ ತೆಗೆದುಕೊಳ್ಳಿ. ಕುಣಿಗಲ್ ಕಡೆಗೆ ನೀರು ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ವಿರುದ್ಧ 2025ರ ಮೇ 31ರಂದು ಗುಬ್ಬಿ ತಾಲ್ಲೂಕಿನಲ್ಲಿ ನಿಷೇಧಾಜ್ಞೆಯ ನಡುವೆಯೂ ಸಾವಿರಾರು ರೈತರು ಬೀದಿಗಿಳಿದರು. ಕುಣಿಗಲ್ಲಿನ ರೈತ ನಮ್ಮ ಶತ್ರುವಲ್ಲ, ಅವನ ಕೆರೆಯೂ ತುಂಬಬೇಕು. ಗುಬ್ಬಿಯ ತೆಂಗು ಅಡಿಕೆಯೂ ಒಣಗಬಾರದು. ಯಾರ ಪಾಲು ಎಷ್ಟು, ಯಾವ ವರ್ಷ ಯಾವ ತೂಬಿನಲ್ಲಿ ಎಷ್ಟು ಹರಿಯಿತು ಎಂಬ ಲೆಕ್ಕ ಇಬ್ಬರ ಕೈಯಲ್ಲೂ ಇದ್ದರೆ ಅರ್ಧ ಜಗಳ ಅಲ್ಲೇ ಇಳಿಯುತ್ತದೆ. ಆ ಲೆಕ್ಕವನ್ನು ಟಿಎಂಸಿ, ಕ್ಯೂಸೆಕ್ ಎಂಬ ಎಂಜಿನಿಯರ ಮಂತ್ರದಲ್ಲಿ ಮುಚ್ಚಿಡದೆ ಕಡಬದ ರೈತನಿಗೂ ಕುಣಿಗಲ್ಲಿನ ರೈತನಿಗೂ ಒಂದೇ ಹಾಳೆಯಲ್ಲಿ ಬಿಡಿಸಿ ಹೇಳುವುದೇ ನಿಜವಾದ ಕನ್ನಡ ಉತ್ತರ. 1963ರ ರಾಜಭಾಷಾ ಕಾಯ್ದೆ ಕನ್ನಡವನ್ನು ಆಡಳಿತ ಭಾಷೆ ಮಾಡಿದ್ದು ಇದಕ್ಕಾಗಿ, ನಾಮಫಲಕ ಬರೆಸುವುದಕ್ಕೆ ಮಾತ್ರ ಅಲ್ಲ.

ಇನ್ನು ಹೆಲಿಕಾಪ್ಟರ್ ಕಾರ್ಖಾನೆ. 2016ರಲ್ಲಿ ಶಂಕುಸ್ಥಾಪನೆ, 2023ರ ಫೆಬ್ರವರಿ 6ರಂದು ಉದ್ಘಾಟನೆ. 615 ಎಕರೆ ನಮ್ಮ ತಾಲ್ಲೂಕಿನ ನೆಲ. 2025ರ ಮಾರ್ಚ್‌ನಲ್ಲಿ 156 ಯುದ್ಧ ಹೆಲಿಕಾಪ್ಟರ್‌ಗಳಿಗೆ 62,700 ಕೋಟಿ ರೂಪಾಯಿಯ ಒಪ್ಪಂದವಾಯಿತು, ತಯಾರಿ ಬೆಂಗಳೂರಿನಲ್ಲಿ ಮತ್ತು ನಮ್ಮಲ್ಲಿ. ಬಹಳ ಸಂತೋಷ. ಈಗ ಪ್ರಶ್ನೆ: ಅಲ್ಲಿ ಕೆಲಸಕ್ಕೆ ಸೇರಿದವರು ಎಷ್ಟು, ಅವರಲ್ಲಿ ಕನ್ನಡಿಗರು ಎಷ್ಟು, ತುಮಕೂರು ಜಿಲ್ಲೆಯವರು ಎಷ್ಟು, ಗುತ್ತಿಗೆಯವರು ಎಷ್ಟು, ಕಾಯಂ ಎಷ್ಟು? ಸರೋಜಿನಿ ಮಹಿಷಿ ವರದಿ 1986ರಲ್ಲಿ ಬಂತು, ಕೇಂದ್ರದ ಉದ್ದಿಮೆಗಳಲ್ಲಿ ಕನ್ನಡಿಗರಿಗೆ ಕೆಲಸ ಎಂದು ಅದು ಹೇಳಿ ಒಂದು ತಲೆಮಾರೇ ಕಳೆಯಿತು. ಬಿದರೆಹಳ್ಳ ಕಾವಲಿನಲ್ಲಿ ಅದರ ಗತಿ ಏನು? ಈ ಪ್ರಶ್ನೆಗೆ ರಕ್ಷಣಾ ಸಚಿವರು ಲೋಕಸಭೆಯಲ್ಲಿ ಉತ್ತರಿಸಬೇಕು.

ಕೇಳುವವರು ಯಾರು? ಗುಬ್ಬಿ ಸೇರಿರುವುದು ತುಮಕೂರು ಲೋಕಸಭಾ ಕ್ಷೇತ್ರಕ್ಕೆ. 2024ರಲ್ಲಿ ಇಲ್ಲಿಂದ ಗೆದ್ದ ವಿ. ಸೋಮಣ್ಣನವರು ಕೇಂದ್ರದಲ್ಲಿ ರಾಜ್ಯ ಸಚಿವರಾದರು. ಮಂತ್ರಿಯಾದವರು ಪ್ರಶ್ನೆ ಕೇಳುವ ಸಾಲಿನಲ್ಲಿಲ್ಲ, ಉತ್ತರ ಕೊಡುವ ಸಾಲಿನಲ್ಲಿ ಕೂರುತ್ತಾರೆ. ಹಾಗಾಗಿ ನಮ್ಮ ಪರವಾಗಿ ಬೇರೆಯವರು ಕೇಳಬೇಕು. ಕುಣಿಗಲ್ ಬರುವುದು ಬೆಂಗಳೂರು ಗ್ರಾಮಾಂತರ ಕ್ಷೇತ್ರಕ್ಕೆ, ಅಲ್ಲಿಯ ಸದಸ್ಯರು ಕೇಳಬಹುದು. ರಾಜ್ಯಸಭೆಯಲ್ಲಿರುವ ಕರ್ನಾಟಕದ 12 ಜನರಲ್ಲೂ ಮಂತ್ರಿಗಳಲ್ಲದ ಯಾರು ಬೇಕಾದರೂ ಕೇಳಬಹುದು. ಪಕ್ಷ ಯಾವುದಾದರೂ ಆಗಲಿ, ಪ್ರಶ್ನೆ ನಮ್ಮದಾಗಿರಲಿ.

ನಮ್ಮ ಬೇಡಿಕೆಗಳು ಸ್ಪಷ್ಟ. ಒಂದು: 120ನೇ ವಿಧಿ ತಿದ್ದುಪಡಿಯಾಗಲಿ, ಎಂಟನೇ ಪರಿಚ್ಛೇದದ ಯಾವ ಭಾಷೆಗೂ ಅನುಮತಿಯ ಷರತ್ತು ಬೇಡ. ಎರಡು: ಕರ್ನಾಟಕಕ್ಕೆ ಸಂಬಂಧಿಸಿದ ಪ್ರತಿಯೊಂದು ಉತ್ತರವನ್ನು ಸಂಸತ್ತು ಅದೇ ದಿನ ಕನ್ನಡದಲ್ಲೂ ಪ್ರಕಟಿಸಲಿ. ಮೂರು: ವಿಧಾನಸಭೆಯ ಉತ್ತರ ಜನಸಾಮಾನ್ಯನಿಗೆ ತಿಳಿಯುವ ಕನ್ನಡದಲ್ಲಿರಲಿ. ನಾಲ್ಕು: ಸಚಿವರು ಕೊಟ್ಟ ಭರವಸೆಗಳ ಪಟ್ಟಿ ತಾಲ್ಲೂಕು ಕಚೇರಿಯ ಗೋಡೆಗೆ ಅಂಟಲಿ. ಲೋಕಸಭೆಯಲ್ಲಿ ಕೊಟ್ಟ ಭರವಸೆಯನ್ನು ಮೂರು ತಿಂಗಳಲ್ಲಿ ಈಡೇರಿಸಬೇಕು, ಅದನ್ನು ವಿಚಾರಿಸಲು ಭರವಸೆಗಳ ಸಮಿತಿಯೇ ಇದೆ. ವಿಧಾನಮಂಡಲದಲ್ಲೂ ಅಂಥ ಸಮಿತಿಯಿದೆ.

ಗೆಳೆಯರೇ, ಸಂವಿಧಾನದ 350ನೇ ವಿಧಿ ಕೇಂದ್ರದ ಯಾವ ಅಧಿಕಾರಿಗೇ ಆಗಲಿ ಕನ್ನಡದಲ್ಲಿ ಅಹವಾಲು ಕೊಡುವ ಹಕ್ಕನ್ನು ನಿಮಗೆ ಕೊಟ್ಟಿದೆ. ಇಲ್ಲಿ ಯಾರ ಅನುಮತಿಯೂ ಬೇಡ. ಪೀಣ್ಯದಲ್ಲಿ ರೂಮು ಮಾಡಿಕೊಂಡಿರುವ ಹುಡುಗರಿರಲಿ, ತುಮಕೂರಿನ ಹಾಸ್ಟೆಲಿನ ಹುಡುಗಿಯರಿರಲಿ, ನಾಲ್ಕು ಜನ ಕೂತು ಮೇಲೆ ಬರೆದ ಕಾರ್ಖಾನೆಯ ಪ್ರಶ್ನೆಯನ್ನು ಬಿಳಿ ಹಾಳೆಯಲ್ಲಿ ಅಚ್ಚಕನ್ನಡದಲ್ಲಿ ಬರೆಯಿರಿ. ಒಂದು ಪ್ರತಿ ರಕ್ಷಣಾ ಸಚಿವಾಲಯಕ್ಕೆ, ಒಂದು ನಿಮ್ಮ ಸಂಸದರಿಗೆ, ಒಂದು ರಾಜ್ಯಸಭೆಯ ಸದಸ್ಯರಿಗೆ. ಮುಂದಿನ ಅಧಿವೇಶನ ಶುರುವಾಗುವ ಒಂದು ತಿಂಗಳು ಮೊದಲೇ ಕಳಿಸಿ, 15 ದಿನದ ನೋಟಿಸಿನ ನೆಪ ಅವರಿಗೆ ಸಿಗದಿರಲಿ. ಹಿಂದಿಯಲ್ಲಿ ಉತ್ತರ ಬಂದರೆ ಕನ್ನಡದಲ್ಲಿ ಕೊಡಿ ಎಂದು ಮತ್ತೆ ಬರೆಯಿರಿ. ನವೆಂಬರಿನಲ್ಲಿ ಬಾವುಟ ಹಿಡಿದು ಜೈಕಾರ ಹಾಕಿದ ಕೈ ಉಳಿದ ಹನ್ನೊಂದು ತಿಂಗಳು ಲೇಖನಿ ಹಿಡಿಯಲಿ.