ಲಿಂಬೆಹಣ್ಣಿನ ಆಚೆ

"ಸ್ಪ್ಯಾನರ್ ಹಿಡಿಯೋದು ನಮ್ಮ ಲೆವೆಲ್ಲಿನ ಕೆಲಸ ಅಲ್ಲ ಗುರೂ" ಅನ್ನೋ ಬೆಂಗಳೂರಿನ ಗೆಳೆಯರನ್ನ ಕಂಡ್ರ ನನಗ ಸಿಟ್ಟು ಬರ್ತದ. ನಮ್ಮ ಉಗರಗೋಳದಾಗ ಪಂಪು ಕೆಟ್ರ ಮೊದಲು ನಾವೇ ಬಿಚ್ಚಿ ನೋಡ್ತೀವಿ. ಇವರು ಆಯುಧಪೂಜೆಗೆ ಗಾಲಿ ಕೆಳಗ ಲಿಂಬೆಹಣ್ಣು ಇಡ್ತಾರ, ಬಾನೆಟ್ ಮಾತ್ರ ಎತ್ತಂಗಿಲ್ಲ.

ಹಳೆಯ ಸ್ಯಾಂಟ್ರೋ, ಇಂಡಿಕಾ ಡೀಸೆಲ್‌ಗಳಲ್ಲಿ ಕ್ರ್ಯಾಂಕನ್ನೂ ಕ್ಯಾಮ್‌ಶಾಫ್ಟನ್ನೂ ಕೂಡಿಸಿ ಓಡಿಸೋದು ಹಲ್ಲಿರುವ ಒಂದು ರಬ್ಬರ್ ಬೆಲ್ಟು. ವರ್ಷಕ್ಕೊಮ್ಮೆ ಬನದ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಬರೋ ಕಾರು "ಬರೀ 30,000 ಕಿಲೋಮೀಟರ್ ಓಡೇದ" ಅಂತ ಬೀಗಬೇಡಿ. ರಬ್ಬರಿಗೆ ನಿಂತಲ್ಲೇ ವಯಸ್ಸಾಗುತ್ತದೆ. ಅದು ಹರಿದರೆ ಡೀಸೆಲ್ ಎಂಜಿನ್ನಿನ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ. ಆಮೇಲೆ ಬಿಲ್ಲು ನೋಡಿ ಅಳಬೇಕು.

ಇದು ತಾಳ್ಮೆಯ ಕೆಲಸ, ಗುಟ್ಟಿನದಲ್ಲ. ಕಾರಿನ ಮ್ಯಾನುವಲ್ ಮುಂದಿಟ್ಟುಕೊಂಡು, ಬ್ಯಾಟರಿ ವೈರು ತೆಗೆದು, ಹಳೇ ಬೆಲ್ಟು ಬಿಚ್ಚೋ ಮೊದಲೇ ಗುರುತುಗಳನ್ನು ಕೂಡಿಸಿ. ಹೊಸದು ಹಾಕಿ ಬಿಗಿದ ಮೇಲೆ ಕೀಲಿ ತಿರುವೋ ಅವಸರ ಬ್ಯಾಡ. ಕ್ರ್ಯಾಂಕು ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದೇ ಸುತ್ತು. ಅದಕ್ಕೇ ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ, ಗುರುತು ಮತ್ತ ಕೂಡ್ತಾವೇನು ನೋಡಿ. ನಡುವೆ ತಡೆದ ಹಾಗಾದರೆ ಜೋರು ಮಾಡದೆ ಅಲ್ಲೇ ನಿಲ್ಲಿಸಿ.

ಮೆಕ್ಯಾನಿಕ್ಕಿನ ಹೊಟ್ಟೆ ಮ್ಯಾಲೆ ಹೊಡೀತಿ ಅಂತೀರಾ? ಅವನ ಕೂಲಿಗೆ ಚೌಕಾಸಿ ಮಾಡೋರೂ ನೀವೇ ಅಲ್ರೀ! ಬೆಲ್ಟಿನ ಜೊತೆ ಹೊಸ ಟೆನ್ಷನರ್ ತರ್ರಿ ಅಂದ್ರೂ ಮುಖ ಸೊಟ್ಟ ಮಾಡ್ತೀರಿ.