ನಿಲ್ಲಿಸಲಾಗದ ದುಡಿಮೆ ಆರಾಧನೆಯಾದೀತೆ?

ದುಡಿಮೆಯೇ ದೇವರು ಎಂಬ ಮಾತು ನಮ್ಮ ನಾಡಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರು ಪ್ರಾಮಾಣಿಕ ದುಡಿಮೆಗೆ ‘ಕಾಯಕ’ವೆಂದು ಹೆಸರಿಟ್ಟು ಅದನ್ನು ಪೂಜೆಯ ಮಟ್ಟಕ್ಕೇರಿಸಿದರು. ಈ ನೆಲದ ಅನ್ನವುಂಡು ಬೆಳೆದ ಕ್ರೈಸ್ತರಾದ ನಮಗೂ ಆ ಮಾತು ಪ್ರಿಯವೇ. ಆದರೆ ಇಂದು ಅದು ಎರಡು ಬಗೆಯಲ್ಲಿ ದುರುಪಯೋಗವಾಗುತ್ತಿದೆ. ಭಾನುವಾರದ ಬಲಿಪೂಜೆಗೆ ಬಾರದವರು, “ಫಾದರ್, ದುಡಿಮೆಯೇ ನಮ್ಮ ಪೂಜೆ” ಎನ್ನುತ್ತಾರೆ. ಆಳಿಗೆ ಬಿಡುವು ಕೊಡದ ಒಡೆಯನೂ ಅದೇ ಮಾತನ್ನು ಬರೆಸಿ ಗೋಡೆಗೆ ತೂಗುಹಾಕುತ್ತಾನೆ. ಒಬ್ಬನು ಆ ಮಾತಿನಿಂದ ದೇವರನ್ನು ದೂರವಿಡುತ್ತಾನೆ, ಇನ್ನೊಬ್ಬನು ಮನುಷ್ಯನನ್ನು ಹಿಂಡುತ್ತಾನೆ. ಯಾವ ದುಡಿಮೆ ಆರಾಧನೆ, ಯಾವುದು ಅಲ್ಲ ಎಂಬುದನ್ನು ವಿವೇಚಿಸುವ ಅಗತ್ಯವಿದೆ.

ಹಳೆಯ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲಿ ‘ಅವೋದಾ’ ಎಂಬ ಪದವಿದೆ. ದುಡಿಮೆ, ಊಳಿಗ, ಆರಾಧನೆ ಎಂಬ ಮೂರು ಅರ್ಥಗಳೂ ಅದಕ್ಕುಂಟು. ಇಸ್ರಯೇಲರು ಫರೋಹನಿಗಾಗಿ ಮಣ್ಣು ಕಲಸಿ ಇಟ್ಟಿಗೆ ಮಾಡಿದ ಬಿಟ್ಟಿ ದುಡಿಮೆಗೂ ವಿಮೋಚನಾಕಾಂಡ ಇದೇ ಪದವನ್ನು ಬಳಸುತ್ತದೆ. ಬಿಡುಗಡೆಯಾದ ಮೇಲೆ ಅವರು ದೇವರಿಗೆ ಸಲ್ಲಿಸಬೇಕಾದ ಆರಾಧನೆಗೂ ಇದೇ ಪದವನ್ನು ಬಳಸುತ್ತದೆ. ಹಾಗಾದರೆ ಜೀತಕ್ಕೂ ಆರಾಧನೆಗೂ ಇರುವ ಅಂತರವೇನು? ಫರೋಹನ ದುಡಿಮೆಗೆ ಬಿಡುವೆಂಬುದಿರಲಿಲ್ಲ. ದೇವರಿಗೆ ಬಲಿ ಅರ್ಪಿಸಲು ಮೂರು ದಿನಗಳ ದಾರಿ ಹೋಗಿಬರುವೆವೆಂದು ಕೇಳಿದವರಿಗೆ ಆತ ಒಣಹುಲ್ಲು ಕೊಡುವುದನ್ನೂ ನಿಲ್ಲಿಸಿದ. ಇಟ್ಟಿಗೆಯ ಲೆಕ್ಕವನ್ನು ಮಾತ್ರ ಇಳಿಸಲಿಲ್ಲ. ದೇವರಾದರೋ ತಮ್ಮ ಜನರಿಗೆ ಏಳನೆಯ ದಿನವನ್ನು ಅನುಗ್ರಹಿಸಿದರು. ನಮ್ಮದಲ್ಲದ್ದನ್ನು ನಾವು ಅರ್ಪಿಸಲಾರೆವು. ಕೆಳಗಿಡಲು ಸ್ವಾತಂತ್ರ್ಯವಿರುವ ದುಡಿಮೆ ಮಾತ್ರವೇ ನಮ್ಮದು. ಅದನ್ನೇ ಕಾಣಿಕೆಯಾಗಿ ಎತ್ತಬಲ್ಲೆವು. ಜೀತದಲ್ಲಿರುವವನ ಕಣ್ಣೀರನ್ನು ದೇವರು ಸ್ವೀಕರಿಸುತ್ತಾರೆ, ಜೀತವನ್ನಲ್ಲ.

ಎರಡನೆಯ ವ್ಯಾಟಿಕನ್ ಮಹಾಸಭೆಯು ಧರ್ಮಸಭೆಯನ್ನು ಕುರಿತು 1964ರಲ್ಲಿ ಹೊರಡಿಸಿದ ‘ಲೂಮೆನ್ ಜೆನ್ಸಿಯುಮ್’ ಎಂಬ ದಸ್ತಾವೇಜಿನ 34ನೆಯ ಪರಿಚ್ಛೇದ ಇಲ್ಲಿ ಮನನೀಯ. ಶ್ರೀಸಾಮಾನ್ಯರ ಪ್ರಾರ್ಥನೆಯಷ್ಟೇ ಅಲ್ಲದೆ, ಅವರ ದಾಂಪತ್ಯ, ಕುಟುಂಬ ಜೀವನ, ದಿನನಿತ್ಯದ ದುಡಿಮೆ, ದೇಹ ಮನಸ್ಸುಗಳ ವಿಶ್ರಾಂತಿ, ತಾಳ್ಮೆಯಿಂದ ಸಹಿಸಿದ ಸಂಕಷ್ಟ ಇವೆಲ್ಲವೂ ಪವಿತ್ರಾತ್ಮರಲ್ಲಿ ನಡೆದಾಗ ಆಧ್ಯಾತ್ಮಿಕ ಬಲಿಗಳಾಗುತ್ತವೆ, ಬಲಿಪೂಜೆಯಲ್ಲಿ ಪ್ರಭುವಿನ ಶರೀರದೊಡನೆ ಪಿತನಿಗೆ ಸಮರ್ಪಿತವಾಗುತ್ತವೆ ಎಂಬುದು ಅದರ ಬೋಧನೆ. ಇದು ಬಲಿಪೀಠಕ್ಕೆ ಪರ್ಯಾಯವಲ್ಲ. ಬಲಿಪೀಠದತ್ತ ಸಾಗುವ ದಾರಿ. ಯಾಜಕನು ಕಾಣಿಕೆಯಾಗಿ ಎತ್ತುವ ರೊಟ್ಟಿ ತಾನಾಗಿ ಮರದಲ್ಲಿ ಬಿಟ್ಟದ್ದಲ್ಲ. ಉತ್ತವರು, ಕೊಯ್ದವರು, ಬೀಸಿದವರು, ಸುಟ್ಟವರು ಎಲ್ಲರ ಬೆವರೂ ಅದರಲ್ಲಿದೆ. ಮಂಗಳೂರು ಸೀಮೆಯ ಕಥೋಲಿಕರು ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನ್ಮದಿನದ ಮೋಂತಿ ಹಬ್ಬದಲ್ಲಿ, ದೇವಾಲಯದಲ್ಲಿ ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೊಯ್ದು ಮನೆಮಂದಿಯೆಲ್ಲ ಒಟ್ಟಾಗಿ ಹೊಸಕ್ಕಿಯನ್ನು ಸವಿಯುತ್ತಾರೆ. ಗದ್ದೆಗೂ ಬಲಿಪೀಠಕ್ಕೂ ಊಟದ ಎಲೆಗೂ ಇರುವ ನಂಟನ್ನು ನಮ್ಮ ಹಿರಿಯರು ಪುಸ್ತಕ ಓದಿ ಕಲಿತವರಲ್ಲ.

ಆರನೆಯ ಶತಮಾನದ ಸಂತ ಬೆನೆಡಿಕ್ಟರು ತಮ್ಮ ಮಠನಿಯಮದ 31ನೆಯ ಅಧ್ಯಾಯದಲ್ಲಿ, ಮಠದ ಉಗ್ರಾಣವನ್ನು ನೋಡಿಕೊಳ್ಳುವವನು ಅಲ್ಲಿನ ಪಾತ್ರೆ ಸಲಕರಣೆಗಳನ್ನೆಲ್ಲ ಬಲಿಪೀಠದ ಪವಿತ್ರ ಪಾತ್ರೆಗಳಂತೆ ಕಾಣಬೇಕೆಂದು ವಿಧಿಸಿದರು. ಅಡುಗೆಮನೆಯ ಸೌಟನ್ನು ಹಿಡಿದ ಕೈಗೂ ಪೂಜಾಪಾತ್ರೆಯನ್ನು ಹಿಡಿದ ಕೈಗೂ ಅವರು ಭೇದವೆಣಿಸಲಿಲ್ಲ. ಸ್ವತಃ ಯೇಸುಸ್ವಾಮಿ ಊರವರ ಕಣ್ಣಿಗೆ ಬಡಗಿಯಾಗಿದ್ದರು. ಬಹಿರಂಗ ಸೇವೆಗೆ ತೊಡಗಿದಾಗ ಅವರಿಗೆ ಸುಮಾರು ಮೂವತ್ತು ವರ್ಷವಾಗಿತ್ತೆಂದು ಸಂತ ಲೂಕರು ಬರೆಯುತ್ತಾರೆ. ಅದಕ್ಕೆ ಮುಂಚಿನ ನಜರೇತಿನ ದೀರ್ಘ ಮೌನ ದುಡಿಮೆಯೂ ಹೌದು, ಕಾಯುವಿಕೆಯೂ ಹೌದು.

ಕಾಯುವುದು ಬಹುಶಃ ದುಡಿಮೆಗಿಂತಲೂ ಕಠಿಣವಾದ ಆರಾಧನೆ. ಆಸ್ಪತ್ರೆಯ ಬೆಂಚಿನ ಮೇಲೆ ಸರದಿಗಾಗಿ ಕುಳಿತ ತಾಯಿ, ಮುಂಗಾರು ತಡವಾದ ಹೊಲದ ಬದುವಿನಲ್ಲಿ ನಿಂತ ರೈತ, ಕೊಲ್ಲಿ ರಾಷ್ಟ್ರದಲ್ಲಿರುವ ಮಗನ ಕರೆಗೆ ಕಿವಿಗೊಟ್ಟ ತಂದೆ, ಇವರೆಲ್ಲರೂ ಕಾಲ ತಮ್ಮ ಕೈಯಲ್ಲಿಲ್ಲವೆಂದು ಬಲ್ಲವರು. ಆರಾಧನೆಯ ಮೊದಲ ಪಾಠವೂ ಅದೇ ಅಲ್ಲವೆ? ವೃದ್ಧ ಸಿಮೆಯೋನರ ಹಾಗೂ ಪ್ರವಾದಿನಿ ಅನ್ನಳ ಕಾಯುವಿಕೆಯೇ ಅವರ ಪೂಜೆಯಾಯಿತು. ಅವರ ಕಣ್ಣೇ ಹಸುಳೆ ಯೇಸುವನ್ನು ಗುರುತಿಸಿತು. ಆದರೆ ನಮ್ಮ ನಿರ್ಲಕ್ಷ್ಯದಿಂದ ಇತರರನ್ನು ಕಾಯಿಸುವುದು ಬೇರೆ ಮಾತು. ಬಡ ಕೂಲಿಯವನಿಗೆ ಅಂದಿನ ಕೂಲಿಯನ್ನು ಸೂರ್ಯ ಮುಳುಗುವ ಮುನ್ನವೇ ಕೊಡಬೇಕೆಂಬುದು ಧರ್ಮೋಪದೇಶಕಾಂಡದ ಆಜ್ಞೆ.

ಇನ್ನು ವಿಶ್ರಾಂತಿ. ಅದನ್ನು ನಾವು ಸೋಮಾರಿತನದ ನೆಂಟನೆಂದು ಭಾವಿಸುತ್ತೇವೆ. ಆದರೆ ಸಂತ ಥಾಮಸ್ ಅಕ್ವಿನಾಸರು ಆತ್ಮದ ಜಡತೆಯೆಂಬ ಪಾಪವನ್ನು ಸಬ್ಬತ್ ದಿನವನ್ನು ಪವಿತ್ರವಾಗಿ ಆಚರಿಸಬೇಕೆಂಬ ಆಜ್ಞೆಗೆ ವಿರುದ್ಧವಾದುದೆಂದು ಗಣಿಸಿದರು. ಆ ಆಜ್ಞೆ ಬಯಸುವುದು ಮನಸ್ಸು ದೇವರಲ್ಲಿ ವಿಶ್ರಮಿಸುವುದನ್ನು; ಜಡತೆ ಅದಕ್ಕೆ ಒಲ್ಲೆನೆನ್ನುತ್ತದೆ. ಹಗಲಿರುಳು ಓಡಾಡುವವನಲ್ಲೂ ಈ ಜಡತೆ ಅಡಗಿರಬಹುದು. ಬಿರುಗಾಳಿಯಲ್ಲಿ ದೋಣಿಯ ಹಿಂಭಾಗದಲ್ಲಿ ನಿದ್ರಿಸಿದ ಯೇಸುಸ್ವಾಮಿ ಜಡರಾಗಿರಲಿಲ್ಲ. ಪಿತನ ಕೈಯಲ್ಲಿ ನಿಶ್ಚಿಂತರಾಗಿದ್ದರು.

ಪ್ರಿಯ ಓದುಗರೇ, ಈಗ ನಮ್ಮ ಮನೆಗಳತ್ತ ನೋಡೋಣ. ಧರ್ಮೋಪದೇಶಕಾಂಡದ ಐದನೆಯ ಅಧ್ಯಾಯ ಸಬ್ಬತ್ತಿನ ವಿಶ್ರಾಂತಿಯನ್ನು ಮನೆಯ ಯಜಮಾನನಿಗೆ ಮಾತ್ರ ವಿಧಿಸಲಿಲ್ಲ. ಆಳು, ದಾಸಿ, ಪರದೇಶಿ, ಎತ್ತು ಕತ್ತೆಗಳಿಗೂ ವಿಧಿಸಿತು. ನೀವೂ ಈಜಿಪ್ಟಿನಲ್ಲಿ ದಾಸರಾಗಿದ್ದಿರಿ, ನೆನಪಿರಲಿ ಎಂಬುದು ಅದರ ಕಾರಣ. ಭಾನುವಾರ ಬಲಿಪೂಜೆ ಮುಗಿಸಿ ಬಂದೊಡನೆ ಗಂಡಸರು ಪತ್ರಿಕೆ ಹಿಡಿದು ಕೂರುತ್ತಾರೆ, ಮಕ್ಕಳು ಟಿವಿಯ ಮುಂದೆ ಕೂರುತ್ತಾರೆ. ತಾಯಿಯಾದವಳು ಒಳ್ಳೆಯ ಸೀರೆ ಬದಲಿಸಿ ಒಲೆಯ ಮುಂದೆ ನಿಲ್ಲುತ್ತಾಳೆ. ಭಾನುವಾರದ ವಿಶೇಷ ಅಡುಗೆ ಎಲ್ಲರಿಗೂ ಹಬ್ಬ, ಅವಳಿಗೆ ಮಾತ್ರ ವಾರದ ಅತಿ ದೀರ್ಘ ದುಡಿಮೆ. ಪಾತ್ರೆ ತೊಳೆಯಲು ಬರುವ ಹೆಂಗಸಿಗೆ ಭಾನುವಾರವೂ ರಜೆಯಿಲ್ಲ. ನೆಂಟರು ಬಂದರೆ ಕೆಲಸ ಇಮ್ಮಡಿ. ಅವಳು ಯಾವ ಧರ್ಮದವಳೆಂಬ ಪ್ರಶ್ನೆಯನ್ನು ಆಜ್ಞೆ ಎತ್ತುವುದಿಲ್ಲ. ನಮ್ಮ ಗುರುಮನೆಗಳ ಅಡುಗೆಯವರನ್ನು ಕುರಿತೂ ಇದೇ ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ನಮ್ಮ ವಿಶ್ರಾಂತಿ ಇನ್ನೊಬ್ಬರ ಬೆನ್ನಿನ ಮೇಲೆ ಒರಗಿದ್ದರೆ ಅದನ್ನು ದೇವರಿಗೆ ಅರ್ಪಿಸುವುದು ಹೇಗೆ?

ಭಾನುವಾರವೂ ದುಡಿಯಲೇಬೇಕಾದ ದಾದಿಯರು, ಬಸ್ಸಿನ ಚಾಲಕರು, ಪಾಳಿಯ ಕಾರ್ಮಿಕರು ನಮ್ಮ ನಡುವೆ ಇದ್ದಾರೆ. ಅವರು ಎದೆಗುಂದಬೇಕಿಲ್ಲ. ಚಕ್ರವರ್ತಿ ಕಾನ್‌ಸ್ಟಂಟೈನನು ಕ್ರಿ.ಶ. 321ರಲ್ಲಿ ಭಾನುವಾರದ ವಿಶ್ರಾಂತಿಯನ್ನು ಘೋಷಿಸುವವರೆಗೆ ರೋಮನ್ ಸಾಮ್ರಾಜ್ಯದ ಕ್ರೈಸ್ತರಿಗೆ ಅದು ದುಡಿಮೆಯ ದಿನವೇ ಆಗಿತ್ತು. ಬೆಳಗಾಗುವ ಮುನ್ನ ಒಟ್ಟುಗೂಡಿ ಪ್ರಾರ್ಥಿಸಿದ ವಿಶ್ವಾಸಿಗಳ ಉದಾಹರಣೆ ಎರಡನೆಯ ಶತಮಾನದ ಆರಂಭದಲ್ಲಿಯೇ ಇದೆ. ರಜೆಯಿಲ್ಲದಿದ್ದರೂ ಅವರು ಪ್ರಭುವಿನ ದಿನವನ್ನು ಬಿಡಲಿಲ್ಲ. ರಜೆಯಿದ್ದೂ ಬಿಡುವ ನಾವು ಅವರಿಂದ ಕಲಿಯಬೇಕು.

ಬರುವ ಭಾನುವಾರ ಪ್ರತಿಯೊಂದು ಕುಟುಂಬವೂ ಒಂದು ಸಣ್ಣ ಕಾರ್ಯವನ್ನು ಕೈಗೊಳ್ಳಲಿ. ಅಡುಗೆ ಸರಳವಾಗಲಿ; ತಂದೆ ಮಕ್ಕಳು ಸೇರಿ ಬಡಿಸಲಿ, ಪಾತ್ರೆ ತೊಳೆಯಲಿ. ಮನೆಗೆಲಸದವಳಿಗೆ ಸಂಬಳ ಕಡಿಯದೆ ವಾರಕ್ಕೊಂದು ಬಿಡುವು ದೊರೆಯಲಿ. ಆ ಮಧ್ಯಾಹ್ನ ತಾಯಿ ಕಾಲು ಚಾಚಿ ಕುಳಿತಾಗ ಮನೆಯ ಬಲಿಪೂಜೆ ಪೂರ್ಣಗೊಂಡಿತೆಂದು ತಿಳಿಯೋಣ. ದುಡಿದು ದಣಿದವರನ್ನು ತಮ್ಮ ಬಳಿಗೆ ಕರೆಯುವ ಪ್ರಭು ನಮ್ಮ ಕೈಗಳನ್ನೂ, ನಮ್ಮ ಕಾಯುವಿಕೆಯನ್ನೂ, ನಮ್ಮ ನಿದ್ರೆಯನ್ನೂ ಹರಸಲಿ.